ಪಕ್ಕದ ಬಡಾವಣೆಯವರು ರಾತ್ರಿ 11ರವರೆಗೆ ಡಿಜೆ ಹಾಕಬಹುದಾ? ನಮ್ಮಲ್ಲಿ 10ಕ್ಕೇ ಬಂದ್ (ಕಲಬುರಗಿ)

ಹಾಕುವಂತಿಲ್ಲ. ಬಡಾವಣೆ ಸಂಘದ ಬೈಲಾ ಕಾನೂನಿಗಿಂತ ಬಿಗಿ ಇರಬಹುದು, ಸಡಿಲ ಇರುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳು ಕಲಬುರಗಿಗೂ ಒಂದೇ, ಬೀದರ್ ದಾಟಿದರೆ ಸಿಗುವ ತೆಲಂಗಾಣದ ಜಹೀರಾಬಾದಿಗೂ ಒಂದೇ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಉತ್ಸವಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆದರೆ ಅದನ್ನು ಕೊಡುವುದು ರಾಜ್ಯ ಸರ್ಕಾರ, ಸಂಘವಲ್ಲ.

ಎರಡು ಬಡಾವಣೆಗಳ ಸದ್ದಿನ ಮಿತಿ ಬೇರೆಯಾಗುವುದು ಜಾಗದ ವರ್ಗದಿಂದ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯಕ್ಕೆ 65, 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಘೋಷಿತ ನಿಶ್ಶಬ್ದ ವಲಯಕ್ಕೆ 50, 40. ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವುದೂ ನಿಷಿದ್ಧ. ಇದು ಬಹಳ ಮಂದಿಗೆ ಗೊತ್ತಿಲ್ಲ.

ದೂರು ಕೊಡುವವರು ಮೊಬೈಲ್ ಆ್ಯಪಿನ ಡೆಸಿಬಲ್ ಅಂಕಿ ಹಿಡಿದು ವಾದಿಸಿ ಸೋಲುತ್ತಾರೆ, ಏಕೆಂದರೆ ಫೋನಿನ ಮೈಕ್ ಅಳತೆಯ ಸಾಧನವಲ್ಲ. ಸಡಿಲಿಕೆ ಇಲ್ಲದ ದಿನ ರಾತ್ರಿ 10 ದಾಟಿದ ಮೇಲೆ ಬಯಲಲ್ಲಿ ಸ್ಪೀಕರ್ ಓಡುತ್ತಿದ್ದರೆ ಅದೇ ಉಲ್ಲಂಘನೆ, ಅಂಕಿ ಬೇಕಿಲ್ಲ. ಸ್ಪೀಕರ್ ಇರುವ ಜಾಗವೂ ಸಮಯವೂ ಕಾಣುವಂತೆ ವಿಡಿಯೊ ತೆಗೆದು, ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ. ಮರುದಿನ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.