ನ್ಯೂಯಾರ್ಕಿನಲ್ಲಿ ಮನೆ ಹುಡುಕುವಾಗ ಬೀದಿಯನ್ನೂ ನೋಡಿ

ಮತ್ತೆ ಕೋವಿಡ್‌ನಂಥದ್ದು ಬಂದರೆ ಇಷ್ಟು ಜನ ಒತ್ತೊತ್ತಾಗಿರುವ ನ್ಯೂಯಾರ್ಕಿನಲ್ಲಿ ಇರಬಹುದಾ, ಸಣ್ಣ ಮನೆಯಲ್ಲಿ ಒಬ್ಬರೇ ಸಿಕ್ಕಿಕೊಂಡರೆ ಮನಸ್ಸು ಕೆಡುವುದಿಲ್ಲವಾ, ಊರಾಚೆ ದೊಡ್ಡ ಮನೆಯೇ ವಾಸಿಯಲ್ವಾ ಅಂತ ಕೇಳಿದ್ದೀರಿ. ಆ ದಿನಗಳನ್ನು ಇಲ್ಲೇ ಕಳೆದವನಾಗಿ ಹೇಳುತ್ತೇನೆ.

ಮೊದಲು ಸೋಂಕಿನ ವಿಷಯ. ನಗರದ ಐದು ಭಾಗಗಳಲ್ಲಿ ಜನಸಾಂದ್ರತೆಯಲ್ಲಿ ಮ್ಯಾನ್‌ಹಟ್ಟನ್ ಎಲ್ಲಕ್ಕಿಂತ ಮುಂದೆ. ಆದರೆ 2020ರ ಮಾರ್ಚ್, ಏಪ್ರಿಲ್‌ನಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಇನ್ನೊಂದು ಭಾಗವಾದ ಕ್ವೀನ್ಸಿನ ಎಲ್ಮ್‌ಹರ್ಸ್ಟ್, ಕರೋನಾ ಬಡಾವಣೆಗಳಿಗೆ. (ಹೌದು, ಆ ಬಡಾವಣೆಯ ಹೆಸರೇ ಕರೋನಾ.) ಅಲ್ಲಿ ಎಷ್ಟೋ ಮನೆಗಳಲ್ಲಿ ಬಾಡಿಗೆ ಹಂಚಿಕೊಂಡು ತುಂಬಾ ಜನ ಇದ್ದರು. ಅಂಗಡಿ, ಹೋಟೆಲ್, ಡೆಲಿವರಿ, ಆಸ್ಪತ್ರೆ ಕೆಲಸದವರು. ಮನೆಯಲ್ಲೇ ಕೂತು ದುಡಿಯುವ ಹಾಗಿರಲಿಲ್ಲ. ನೀವು ಹೆದರಬೇಕಾದದ್ದು ಕೋಣೆಯೊಳಗಿನ ಗುಂಪಿಗೆ, ಗಾಳಿಯಾಡುವ ಬೀದಿಯ ಜನಕ್ಕಲ್ಲ.

ಇನ್ನು ಮನಸ್ಸು. ಮಾರ್ಚ್ 22ಕ್ಕೆ ಅಗತ್ಯವಲ್ಲದ್ದೆಲ್ಲ ಮುಚ್ಚಿತು. ಹಗಲುರಾತ್ರಿ ಆಂಬುಲೆನ್ಸ್ ಸದ್ದು. ಮಕ್ಕಳ ಆಟದ ಜಾಗಗಳಿಗೂ ಬೀಗ. ಸಂಜೆ 7ಕ್ಕೆ ಎಲ್ಲರೂ ಕಿಟಕಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಎದುರು ಕಟ್ಟಡದಲ್ಲೂ ಜನ ಇದ್ದಾರೆ ಅಂತ ಆ ಹೊತ್ತಿನಲ್ಲಿ ಕಾಣುತ್ತಿತ್ತು.

ಕ್ವೀನ್ಸಿನಲ್ಲೇ ಇರುವ ನಮ್ಮ ಬಡಾವಣೆ ಜ್ಯಾಕ್ಸನ್ ಹೈಟ್ಸ್‌ನಲ್ಲಿ ಪಾರ್ಕುಗಳು ಬಹಳ ಕಡಿಮೆ. ಮೇ ತಿಂಗಳಲ್ಲಿ 34ನೇ ಅವೆನ್ಯೂವನ್ನು ಹಗಲುಹೊತ್ತು ಕಾರುಗಳಿಗೆ ಮುಚ್ಚಿದರು. ಕೊನೆಗೆ ಅದು 26 ಬ್ಲಾಕ್, ಅಂದರೆ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೂ ಹಬ್ಬಿತು. ಬೆಳಿಗ್ಗೆ ಬ್ಯಾರಿಕೇಡ್ ಇಟ್ಟು ಸಂಜೆ ತೆಗೆಯುತ್ತಿದ್ದವರು ಅಲ್ಲಿನ ನಿವಾಸಿಗಳೇ. ಮಕ್ಕಳು ಅಲ್ಲೇ ಸೈಕಲ್ ಕಲಿತರು. ವಯಸ್ಸಾದವರು ಕುರ್ಚಿ ತಂದು ಹಾಕಿಕೊಂಡರು. ಬರಬರುತ್ತಾ ವ್ಯಾಯಾಮ, ಇಂಗ್ಲಿಷ್ ಪಾಠ ಎಲ್ಲ ಶುರುವಾಯಿತು.

ನನ್ನನ್ನು ಆ ವರ್ಷ ಕುಸಿಯದಂತೆ ನಿಲ್ಲಿಸಿದ್ದು ಅದೇ ಬೀದಿ. ಊರಿನವರ ಜೊತೆ ದಿನಾ ವಿಡಿಯೋ ಕಾಲ್ ಇತ್ತು, ನಿಜ. ಆದರೆ ಆ ಕಾಲ್‌ನಲ್ಲಿ ನಾವು ಚೆನ್ನಾಗಿಯೇ ಇರಬೇಕು. ದೂರದಲ್ಲಿರುವ ಅಪ್ಪ ಅಮ್ಮನ ನಿದ್ದೆ ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ? ಬೀದಿಯಲ್ಲಿ ಸಿಗುವವರ ಮುಂದೆ ಆ ಹೊರೆ ಇರಲಿಲ್ಲ. ಬರೀ ಮುಖಪರಿಚಯ, ಹೆಸರೂ ಗೊತ್ತಿಲ್ಲ. ಮಾಸ್ಕ್ ಹಾಕಿಕೊಂಡೇ ತಲೆ ಆಡಿಸುವುದು, 'ಇವತ್ತು ಹೇಗಿದ್ದೀರಿ' ಅನ್ನುವುದು, ನಿನ್ನೆ ಯಾಕೆ ಕಾಣಲಿಲ್ಲ ಅಂತ ಕೇಳುವುದು. ವಲಸೆ ಬಂದವರಿಗೆ ಇಂಥ ಪರಿಚಯ ಬೇಗ ಆಗಬೇಕು. ನೆಂಟರಿಷ್ಟರು ಇಲ್ಲಿಲ್ಲ. ಆಫೀಸು ಮುಚ್ಚಿದ ದಿನ ಆಫೀಸಿನ ಸ್ನೇಹವೂ ಪರದೆಯೊಳಗೆ ಹೋಗಿಬಿಡುತ್ತದೆ.

ಎಲ್ಲರಿಗೂ ಬೀದಿ ಹೀಗೆ ಒದಗಲಿಲ್ಲ. ಚೀನೀ, ಕೊರಿಯನ್ ಮೂಲದವರ ಮೇಲೆ ಹಲ್ಲೆಗಳಾದವು. ಅವರಲ್ಲಿ ಹಿರಿಯರು ಹೊರಗೆ ಬರಲೇ ಹೆದರುತ್ತಿದ್ದರು. ಆ ಭಯಕ್ಕೆ ಕಾರಿಲ್ಲದ ರಸ್ತೆ ಮದ್ದಲ್ಲ. ನಿಮಗೂ ಯಾವತ್ತಾದರೂ ಮನಸ್ಸು ತೀರಾ ಕುಸಿದರೆ ಸುಮ್ನೆ ನಡೆದಾಡಿ ಸರಿಮಾಡಿಕೊಳ್ಳಲು ನೋಡಬೇಡಿ. ಮನಸ್ಸಿನ ಸಂಕಟಕ್ಕೆಂದೇ ಇರುವ ಅಮೆರಿಕದ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.

ಊರಾಚೆಯ ಮನೆ ಬೇಡ ಅನ್ನುವುದಿಲ್ಲ. ಕುಟುಂಬ ದೊಡ್ಡದಿದ್ದರೆ ಅದೇ ಸರಿ. ಒಬ್ಬರೇ ಇರುವುದಾದರೆ ನಗರದಲ್ಲೇ ಇರಿ ಅಂತ ನನ್ನ ಸಲಹೆ. ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗಬೇಡಿ. ಕೆಲಸದ ದಿನ ಸಂಜೆ ಹೋಗಿ, ಆ ಬೀದಿಯಲ್ಲಿ ಅರ್ಧ ಗಂಟೆ ಇರಿ. ಕೂರಲು ಜಾಗ ಇದೆಯಾ, ಜನ ನಿಂತು ಮಾತಾಡುತ್ತಾರಾ, ಮನೆಯ ಕಿಟಕಿ ಪೂರ್ತಿ ತೆರೆಯುತ್ತದಾ ನೋಡಿ. ಕ್ವೀನ್ಸ್ ಕಡೆ ಯಾವುದಾದರೂ ಹಿಡಿಸಿದರೆ ಸಹಿ ಹಾಕುವ ಮೊದಲು ಬೀದಿಯ ಹೆಸರು ಹೇಳಿ, ನಾನೂ ಜೊತೆಗೆ ಬರುತ್ತೇನೆ.