ಭೂಮಿ ತಡವಾದರೆ ಗಡಿಯಾರ ಕಾಯಬೇಕಾ?

ಪ್ರಶ್ನೆ: ಭೂಮಿಯ ತಿರುಗುವಿಕೆಗೆ ಹೊಂದಿಸಲು ಗಡಿಯಾರಕ್ಕೆ ಆಗಾಗ ಒಂದು ಸೆಕೆಂಡ್ ಸೇರಿಸುತ್ತಾರಂತೆ. ಈಗ ಅದನ್ನು ಕೈಬಿಡುತ್ತಾರೆ ಎಂದು ಓದಿದೆ. ಸೂರ್ಯನನ್ನು ಲೆಕ್ಕಕ್ಕಿಡದ ಗಡಿಯಾರ ಸರಿನಾ?

ಉತ್ತರ: ಸರಿ ಎಂದೇ ನನ್ನ ಅಭಿಪ್ರಾಯ. ನಾನು ಸರ್ವರ್, ಅಂದರೆ ವೆಬ್‌ಸೈಟ್‌ಗಳನ್ನು ನಡೆಸುವ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದವನು. ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

1967ರಿಂದ ಸೆಕೆಂಡನ್ನು ಅಳೆಯುವುದು ಸೀಸಿಯಂ ಪರಮಾಣುವಿನಿಂದ. ಅದು ಕರಾರುವಾಕ್ಕು. ಭೂಮಿ ಹಾಗಲ್ಲ. ಚಂದ್ರನ ಸೆಳೆತದಿಂದ ಏಳುವ ಉಬ್ಬರವಿಳಿತ ಅದಕ್ಕೆ ಬ್ರೇಕ್ ಹಾಕುತ್ತಲೇ ಇರುತ್ತದೆ. ಒಳಗಿನ ದ್ರವಲೋಹ, ಧ್ರುವಗಳಲ್ಲಿ ಕರಗುವ ಮಂಜುಗಡ್ಡೆ ಕೂಡ ವೇಗವನ್ನು ಏರುಪೇರು ಮಾಡುತ್ತವೆ. ಎರಡರ ಅಂತರ ಹೆಚ್ಚಬಾರದು ಎಂದು 1972ರಲ್ಲಿ ಈ ಹೆಚ್ಚುವರಿ ಸೆಕೆಂಡ್, ಅಂದರೆ ಲೀಪ್ ಸೆಕೆಂಡ್, ಶುರು ಮಾಡಿದರು. ಈಗಿನ ಮಿತಿ 0.9 ಸೆಕೆಂಡ್. 2016ರ ಡಿಸೆಂಬರ್ 31ರವರೆಗೆ 27 ಸಲ ಸೇರಿಸಿದ್ದಾರೆ. ಆಮೇಲೆ ಸೇರಿಸಿಲ್ಲ.

ಅಧಿಕ ವರ್ಷವಾದರೆ ನೂರು ವರ್ಷ ಮುಂಚೆಯೇ ಲೆಕ್ಕ ಹಾಕಬಹುದು. ಇದು ಹಾಗಲ್ಲ, ಸುಮಾರು ಆರು ತಿಂಗಳ ಮುಂಚೆ ಹೇಳುತ್ತಾರೆ, ಅಷ್ಟೇ. 2012ರ ಜೂನ್ 30ರಂದು ನಾನು ಶಿಫ್ಟ್‌ನಲ್ಲಿದ್ದೆ. ಅಂತರರಾಷ್ಟ್ರೀಯ ಸಮಯ 23:59:59 ಆದಮೇಲೆ 23:59:60 ಬಂತು. ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶದೊಳಗಿನ ಟೈಮರ್ ಗೊಂದಲಕ್ಕೆ ಬಿತ್ತು. ಜಾವಾ ಭಾಷೆಯ ಪ್ರೋಗ್ರಾಂ ಓಡುತ್ತಿದ್ದ ಸರ್ವರ್‌ಗಳ ಸಿಪಿಯು ಬಳಕೆ ಸುಮ್ನೆ ನೂರಕ್ಕೆ ನೂರು ಏರಿ ಕೂತಿತು. ಪರಿಹಾರ ಕೇಳಿದರೆ ನಗು ಬರುತ್ತದೆ: ಗಡಿಯಾರವನ್ನು ಈಗ ಇರುವ ಸಮಯಕ್ಕೇ ಇನ್ನೊಮ್ಮೆ ಸೆಟ್ ಮಾಡಿದರೆ ಸಾಕಿತ್ತು. ಆದರೆ ಅದು ಗೊತ್ತಾಗುವಷ್ಟರಲ್ಲಿ ಜಗತ್ತಿನ ಎಷ್ಟೋ ವೆಬ್‌ಸೈಟ್‌ಗಳು ನಿಂತುಹೋಗಿದ್ದವು.

ಇನ್ನು ಸೂರ್ಯನ ವಿಷಯ. ನಮ್ಮ ಗಡಿಯಾರ ಅವನ ಜೊತೆ ಸೆಕೆಂಡ್ ಲೆಕ್ಕದಲ್ಲಿ ಯಾವತ್ತು ಹೊಂದಿತ್ತು? ನವೆಂಬರ್ ಶುರುವಿನಲ್ಲಿ ನೆರಳು ಗಡಿಯಾರ ನಮ್ಮ ಸಮ ಗತಿಯ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತದೆ. ಚೀನಾ ಅಷ್ಟಗಲ ಇದ್ದರೂ ಇಡೀ ದೇಶಕ್ಕೆ ಒಂದೇ ಸಮಯ. ಇದನ್ನೆಲ್ಲ ಒಪ್ಪಿಕೊಂಡವರು ಒಂದು ಸೆಕೆಂಡಿಗೆ ಜಗಳ ಮಾಡುವುದು ಜಾಸ್ತಿಯೇ ಆಯಿತು, ಅಲ್ವಾ?

ಖಗೋಳ ವಿಜ್ಞಾನಿಗಳ ಆಕ್ಷೇಪಕ್ಕೆ ಮಾತ್ರ ಬೆಲೆ ಕೊಡಬೇಕು. ದೂರದರ್ಶಕವನ್ನು ನಕ್ಷತ್ರಕ್ಕೆ ಗುರಿ ಇಡಲು ಭೂಮಿ ನಿಜವಾಗಿ ಎಷ್ಟು ತಿರುಗಿದೆ ಎಂದು ಗೊತ್ತಿರಬೇಕು. ಆದರೆ ಆ ಅಂಕಿಯನ್ನು ಅಳೆದು ಬೇರೆಯಾಗಿ ಪ್ರಕಟಿಸುತ್ತಲೇ ಇದ್ದಾರೆ. ಬೇಕಾದವರು ತೆಗೆದುಕೊಳ್ಳಲಿ.

2035ರೊಳಗೆ ಆ 0.9ರ ಮಿತಿಯನ್ನು ಸಡಿಲಿಸಬೇಕು ಎಂದು 2022ರಲ್ಲಿ ಫ್ರಾನ್ಸ್‌ನ ವರ್ಸೈಲ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ತೂಕ-ಅಳತೆಗಳ ಮಹಾಸಭೆ ತೀರ್ಮಾನಿಸಿತು. ಹಿಂದಿನ 27ರ ಗತಿಯಲ್ಲೇ ಹೋದರೂ ಅಂತರ ಒಂದು ನಿಮಿಷ ಆಗಲು ಹೆಚ್ಚುಕಡಿಮೆ ನೂರು ವರ್ಷ ಬೇಕು. ಈ ಸಡಿಲಿಕೆ ಬೇಗ ಬಂದಷ್ಟೂ ಒಳ್ಳೆಯದು. ಏಕೆಂದರೆ ಇತ್ತೀಚಿನ ವರ್ಷಗಳಲ್ಲಿ ಭೂಮಿ ಕೊಂಚ ಚುರುಕಾಗಿದೆ, ಒಂದು ಸೆಕೆಂಡ್ ಕಳೆಯಬೇಕಾಗಬಹುದು ಎಂಬ ಮಾತಿದೆ. ಕಳೆಯುವುದನ್ನು ಇದುವರೆಗೂ ಯಾರೂ ಮಾಡಿಲ್ಲ. ಸೇರಿಸಿದಾಗಲೇ ಆ ಗತಿ!

ಪ್ರಶ್ನೆ: ಜಿಪಿಎಸ್ ಉಪಗ್ರಹಗಳಿಗೂ ಈ ಸೆಕೆಂಡ್ ಸೇರಿಸುತ್ತಾರಾ?

ಉತ್ತರ: ಇಲ್ಲ. 1980ರಲ್ಲಿ ಎಣಿಕೆ ಶುರುವಾದಾಗಿನಿಂದ ಅವು ಒಂದೇ ಸಮನೆ ಎಣಿಸುತ್ತಿವೆ. ಹಾಗಾಗಿ ನಮ್ಮ ಸಮಯಕ್ಕಿಂತ ಈಗ 18 ಸೆಕೆಂಡ್ ಮುಂದಿವೆ. ಆ ವ್ಯತ್ಯಾಸವನ್ನೂ ಅವೇ ಕಳಿಸುತ್ತವೆ, ರಿಸೀವರ್ ಕಳೆದು ತೋರಿಸುತ್ತದೆ.