ಕಾಡಿನ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಪ್ರಶ್ನೆ: ಶಿರಸಿಯಲ್ಲಿ ಅರಣ್ಯಶಾಸ್ತ್ರ ಪದವಿ ಮುಗಿಸಿದ್ದೇನೆ. ಬೆಂಕಿ, ಬರಗಳನ್ನು ತಾಳಿಕೊಳ್ಳುವ ಕಾಡಿನ ನಿರ್ವಹಣೆಯ ಬಗ್ಗೆ ಸಂಶೋಧನೆ ಮಾಡುವಾಸೆ. ಉಪಗ್ರಹ ಚಿತ್ರಗಳಿಂದಲೇ ಕಾಡನ್ನು ಅಳೆಯಬಹುದಾದ ಈ ಕಾಲದಲ್ಲಿ ವರ್ಷಗಟ್ಟಲೆ ಕಾಡು ಅಲೆಯುವುದು ಅಗತ್ಯವೇ?
— ಓದುಗರೊಬ್ಬರು, ಸಿದ್ದಾಪುರ

ಉತ್ತರ: ಕಾಳ್ಗಿಚ್ಚು ಎಲ್ಲಿಯವರೆಗೆ ಹಬ್ಬಿತೆಂಬುದನ್ನು ಉಪಗ್ರಹ ಬಲುಬೇಗ ತೋರಿಸಬಲ್ಲದು, ಒಪ್ಪುತ್ತೇನೆ. ಆದರೆ ಬೆಂಕಿ ಹಾಯ್ದ ಮೇಲೆ ಯಾವ ಮರ ಚಿಗುರಿತು, ಯಾವ ಸಸಿ ಮೂರನೆಯ ಬೇಸಿಗೆಯನ್ನೂ ದಾಟಿತು ಎಂದು ತಿಳಿಯಬೇಕಾದರೆ ಅದೇ ಮರದ ಬುಡಕ್ಕೆ ಮತ್ತೆ ಮತ್ತೆ ಹೋಗಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೈ ಕಾಡಿನ 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಎದೆಮಟ್ಟದಲ್ಲಿ 1 ಸೆಂ.ಮೀ. ದಪ್ಪ ಮುಟ್ಟಿದ ಪ್ರತಿಯೊಂದು ಮರಗಿಡಕ್ಕೂ ಸಂಖ್ಯೆ ಕೊಟ್ಟರು; ಸತ್ತವೆಷ್ಟು, ಹೊಸದಾಗಿ ಸೇರಿದವೆಷ್ಟು ಎಂದು ವರ್ಷವರ್ಷವೂ ಎಣಿಸುತ್ತ, ನಾಲ್ಕು ವರ್ಷಕ್ಕೊಮ್ಮೆ ಬೆಳವಣಿಗೆಯನ್ನು ಅಳೆಯುತ್ತ ಬಂದರು. ಆನೆ ಮುರಿದದ್ದು, ಬೆಂಕಿ ಸುಟ್ಟದ್ದು, ಬರ ಒಣಗಿಸಿದ್ದು ಬೇರೆಬೇರೆಯಾಗಿ ಲೆಕ್ಕಕ್ಕೆ ಸಿಗುವುದು ಇಂಥ ತಾಳ್ಮೆಗೆ ಮಾತ್ರ.

ನಿಮ್ಮ ಪ್ರಶ್ನೆಯಲ್ಲಿ ಕಾಡಿದೆ, ಕಾಡಿನ ಜನರಿಲ್ಲ. ನನಗೆ ನೋವಾದದ್ದು ಅಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಒಣ ಎಲೆಗಳಿಗೆ ಹಚ್ಚುತ್ತಿದ್ದ 'ತರಗು ಬೆಂಕಿ', 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ನಿಷಿದ್ಧವಾಯಿತು. ಅದು ನಿಂತದ್ದರಿಂದಲೇ ಹೊರದೇಶದಿಂದ ಬಂದ ಲಂಟಾನವೆಂಬ ಕಳೆಪೊದೆ ಏರಿತು, ನೆಲ್ಲಿಮರಗಳಿಗೆ ಮರದ ಸಾರ ಹೀರುವ ಬಂದಳಿಕೆ ಹತ್ತಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಇದ್ದರು. 1997ರಲ್ಲಿ ಅಳೆದಿದ್ದ ಕಾಡನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು 2008ರಲ್ಲಿ ಮತ್ತೆ ಅಳೆದಾಗ ಲಂಟಾನದ ಆ ಏರಿಕೆ ಅಂಕಿಗಳಲ್ಲಿಯೂ ಕಂಡಿತು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತಾದರೂ ಕಾಡಿನ ನಿರ್ವಹಣೆಯಲ್ಲಿ ಅವರ ಮಾತಿಗೆ ಇನ್ನೂ ತಕ್ಕ ತೂಕ ಬಂದಿಲ್ಲವೆಂಬುದು ನನ್ನ ಅಳಲು.

ಹಲವು ವರ್ಷಗಳ ಹಿಂದೆ ಸೋಲಿಗರ ಹಾಡಿಯಾದ ಪೋಡೊಂದರಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು: "ನಮ್ಮ ಮರ ಎಣಿಸಿಕೊಂಡು ಹೋದ ಹುಡುಗರು ಲೆಕ್ಕ ಏನಾಯಿತು ಅಂತ ಹೇಳಲಿಲ್ಲವಲ್ಲ ಸ್ವಾಮಿ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗರನ್ನಷ್ಟೇ ದೂರಿ ಫಲವಿಲ್ಲ. ಮರದ ಆಯುಸ್ಸು ನೂರಾರು ವರ್ಷ, ಸಂಶೋಧನಾ ವೇತನದ್ದು ಐದು ವರ್ಷ. ಅಷ್ಟರಲ್ಲಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಮುಗಿಸುವ ಆತುರದಲ್ಲಿ, ದಾರಿ ತೋರಿಸಿದವರ ಭಾಷೆಯಲ್ಲಿ ಎರಡು ಪುಟ ಬರೆಯಬೇಕೆಂದು ಅವರಿಗೆ ಹೇಳಿಕೊಡುವವರೇ ಇಲ್ಲ.

ಅವಕಾಶಗಳಿಗೆ ನೀವು ದೂರ ಹುಡುಕಬೇಕಾಗಿಲ್ಲ. ಸ್ನಾತಕೋತ್ತರ ಪದವಿಗೆ ನಿಮ್ಮ ಶಿರಸಿಯೇ ಇದೆ, ಪೊನ್ನಂಪೇಟೆಯಿದೆ, ಪಿಎಚ್‌.ಡಿ.ಗೆ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವೂ ಏಟ್ರೀಯೂ ಇವೆ. ಅರ್ಜಿ ಹಾಕುವ ಮುನ್ನ ಒಂದು ಬೇಸಿಗೆಯನ್ನಾದರೂ ಕಾಡಂಚಿನ ಊರಿನಲ್ಲಿ ಕಳೆದು ಬನ್ನಿ. ಪ್ರಬಂಧ ಮುಗಿದ ದಿನ ಅದರ ಸಾರವನ್ನು ಕನ್ನಡದಲ್ಲಿ ನಮಗೆ ಕಳುಹಿಸಿ. ಅಚ್ಚಾದ ಸಂಚಿಕೆಯನ್ನು ಆ ಊರಿಗೆ ತಲುಪಿಸುವ ಹೊಣೆ ನನ್ನದು.